ಉರಿಯೂತಕ್ಕೆ ಎರಡು ಬೆಂಕಿ

ಕಳೆದ ತಿಂಗಳು ಓದುಗರೊಬ್ಬರು ‘ಜಪಾನಿಗೆ ಹೋಗುವ ಮುನ್ನ ಭಾಷೆ ಎಷ್ಟು ಕಲಿತಿರಬೇಕು?’ ಎಂದು ಕೇಳಿದ್ದರು. ಮಾತು ಹೇಗೋ ಬಂದೀತು, ಆದರೆ ವೃತ್ತಿಯ ಪದಗಳನ್ನು ಕಾಂಜಿಯಲ್ಲಿ ಓದುವುದೇ ದೊಡ್ಡ ಏರು ಎಂದು ನಾಲ್ಕು ಸಾಲಿನಲ್ಲಿ ಮುಗಿಸಿದ್ದೆ. ಆ ನಾಲ್ಕು ಸಾಲಿಗೆ ಒಂದು ಕೈಚೀಲ ತುಂಬ ಪತ್ರಗಳು ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಕಾಂಜಿಯದೇ ಮಾತು. ಗಂಜಿಯಲ್ಲ, ಕಾಂಜಿ. ಚೀನಾದಿಂದ ಜಪಾನಿಗೆ ಹೋಗಿ ನೆಲೆಸಿದ ಅರ್ಥಾಕ್ಷರಗಳು.

ಹೊಸ ಓದುಗರಿಗಾಗಿ ನನ್ನ ಪರಿಚಯ: ಧಾರವಾಡದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಪ್ರಾಯದಲ್ಲಿ ಮೂರು ವರ್ಷ ಜಪಾನಿನ ತ್ಸುಕುಬಾದಲ್ಲಿ ಸಂಶೋಧನೆಗೆಂದು ಇದ್ದೆ. ಈಗ ಸಪ್ತಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ವಾರಕ್ಕೆ ಮೂರು ಸಂಜೆ ಹನ್ನೊಂದು ಮಂದಿಗೆ ಜಪಾನಿ ಹೇಳಿಕೊಡುತ್ತೇನೆ. ಈ ಪತ್ರಿಕೆಯ ಅಚ್ಚಿನಲ್ಲಿ ಜಪಾನಿ ಅಕ್ಷರ ಮೂಡುವುದಿಲ್ಲವಾದ್ದರಿಂದ ಎಲ್ಲವನ್ನೂ ಬಾಯಿಮಾತಿನಲ್ಲೇ ಬಿಡಿಸಿ ಹೇಳಬೇಕಾಗಿದೆ. ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿದರೆ ಒಳ್ಳೆಯದು.

ಪ್ರಶ್ನೆ: ಮೇಡಂ, ನಾನು ನರ್ಸಿಂಗ್ ಡಿಪ್ಲೊಮಾ ಮುಗಿಸಿದ್ದೇನೆ. ಜಪಾನಿನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಹೋಗಬೇಕೆಂದಿದ್ದೇನೆ. ಭಾಷಾ ಪರೀಕ್ಷೆಯ ಎನ್-4 ಹಂತ ಪಾಸಾಗಿದೆ. ಆದರೆ ವೈದ್ಯಕೀಯ ಪದಗಳ ಪಟ್ಟಿ ಕೈಗೆ ಬಂದ ದಿನದಿಂದ ನಿದ್ದೆ ಹಾರಿಹೋಗಿದೆ. ನಿತ್ಯದ ಕಾಂಜಿಗಳೇ 2,136 ಅಂತೆ, ಅದರ ಮೇಲೆ ಇವು ಬೇರೆ. ದಿನಕ್ಕೆ ಹತ್ತು ಬಾಯಿಪಾಠ ಮಾಡಿದರೆ ಮರುದಿನ ಎಂಟು ಮರೆತಿರುತ್ತವೆ.
— ನರ್ಸ್ ಒಬ್ಬರು, ಗದಗ

ಹತ್ತರಲ್ಲಿ ಎಂಟು ಮರೆತರೆ ತಪ್ಪು ಪಟ್ಟಿಯದು, ನಿಮ್ಮ ತಲೆಯದಲ್ಲ. ಆ 2,136 ಎಂಬುದು ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ನಿತ್ಯಬಳಕೆಯ ಅಕ್ಷರಗಳ ಲೆಕ್ಕ. ಅದರಲ್ಲಿ 1,026ನ್ನು ಅಲ್ಲಿನ ಮಕ್ಕಳು ಆರು ವರ್ಷದ ಪ್ರಾಥಮಿಕ ಶಾಲೆಯಲ್ಲಿ ಕಲಿಯುತ್ತಾರೆ. ತೊಟ್ಟಿಲಿನಿಂದಲೇ ಜಪಾನಿ ಕೇಳಿ ಬೆಳೆದ ಮಕ್ಕಳಿಗೇ ಆರು ವರ್ಷ ಕೊಟ್ಟಿದ್ದಾರೆ. ನೀವು ಆರು ತಿಂಗಳಿಗೇ ಅಳಲು ಕುಳಿತಿದ್ದೀರಿ.

ಆ ಪಟ್ಟಿಯನ್ನು ಮಡಚಿ ಅಕ್ಕಿ ಡಬ್ಬಿಯ ಕೆಳಗಿಡಿ. ಮಕ್ಕಳು ಲೆಕ್ಕಕ್ಕೆ ಬಳಸುವ ಚೌಕುಳಿ ವಹಿಯೊಂದನ್ನು ತನ್ನಿ. ಪುಟದ ಎಡ ಅಂಚಿನಲ್ಲಿ ಒಂದರ ಕೆಳಗೊಂದು ನಾಲ್ಕು ಅಂಗಗಳನ್ನು ಬರೆಯಿರಿ. ಹಾಯ್ ಎಂದರೆ ಶ್ವಾಸಕೋಶ, ಕಾನ್ ಎಂದರೆ ಯಕೃತ್ತು, ಚೋ ಎಂದರೆ ಕರುಳು, ಇ ಎಂದರೆ ಜಠರ. ಬರೆಯುವಾಗಲೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ನಾಲ್ಕರಲ್ಲೂ ಎರಡು ಮೆಟ್ಟಿಲಿನ ಪುಟ್ಟ ಏಣಿಯಂಥ ಆಕೃತಿ ಇದೆ. ಮೂರರಲ್ಲಿ ಅದು ಎಡಕ್ಕೆ ನಿಂತಿದೆ, ಜಠರದಲ್ಲಿ ಮಾತ್ರ ಕೆಳಗೆ ಕುಳಿತಿದೆ. ಚಂದ್ರನಿಗೆ ಬರೆಯುವ ಅಕ್ಷರದ ಹಾಗೆಯೇ ಕಾಣುವ ಈ ಆಕೃತಿ ಇಲ್ಲಿ ಮಾಂಸದ ಗುರುತು. ಪದವನ್ನು ಉಚ್ಚರಿಸಲು ಬಾರದಿದ್ದರೂ, ಮೈಯೊಳಗಿನ ಯಾವುದೋ ಭಾಗದ ಮಾತು ನಡೆದಿದೆ ಎಂಬುದು ಆ ಏಣಿಯನ್ನು ಕಂಡೊಡನೆ ತಿಳಿಯುತ್ತದೆ.

ಈಗ ಪುಟದ ನೆತ್ತಿಯಲ್ಲಿ ಒಂದೇ ಅಕ್ಷರ ಬರೆಯಿರಿ: ಎನ್. ಬೆಂಕಿಯ ಅಕ್ಷರದ ಮೇಲೆ ಇನ್ನೊಂದು ಬೆಂಕಿಯ ಅಕ್ಷರವನ್ನು ಹೇರಿದರೆ ಅದೇ ಎನ್. ಎಡದ ಅಂಗಕ್ಕೆ ಮೇಲಿನ ಬೆಂಕಿಯನ್ನು ಸೇರಿಸುತ್ತ ಹೋಗಿ. ಹಾಯ್-ಎನ್ ನ್ಯುಮೋನಿಯಾ ಆಯಿತು. ಕಾನ್-ಎನ್ ಯಕೃತ್ತಿನ ಉರಿಯೂತ, ಚೋ-ಎನ್ ಕರುಳಿನದು, ಇ-ಎನ್ ಜಠರದ್ದು. ಐದು ಅಕ್ಷರ ಕಲಿತು ನಾಲ್ಕು ಕಾಯಿಲೆ ಓದಿದಿರಿ. ನಮ್ಮ ಉರಿಯೂತ ಎಂಬ ಪದವನ್ನೂ ಒಮ್ಮೆ ಬಿಡಿಸಿ ನೋಡಿ: ಉರಿ, ಊತ. ನಾವು ಬೆಂಕಿಗೆ ಬಾವನ್ನು ಸೇರಿಸಿದೆವು, ಅವರು ಬೆಂಕಿಗೆ ಇನ್ನೊಂದು ಬೆಂಕಿಯನ್ನೇ ಸೇರಿಸಿದರು.

ನೀವು ಹೋಗಲಿರುವ ಕೆಲಸದಲ್ಲಿ ದಿನಬೆಳಗಾದರೆ ಎದುರಾಗುವ ಒಂದು ಉದ್ದ ಪದವಿದೆ: ಗೊಎನ್‌ಸೇ ಹಾಯ್-ಎನ್. ನನ್ನ ವಿದ್ಯಾರ್ಥಿನಿಯೊಬ್ಬಳು ಇದನ್ನು ಕಂಡು ಪೆನ್ಸಿಲ್ ಕೆಳಗಿಟ್ಟುಬಿಟ್ಟಿದ್ದಳು. ಹಿಂದಿನಿಂದ ಬಿಡಿಸೋಣ ಎಂದೆ. ಕೊನೆಯ ಎರಡು ಅಕ್ಷರ ನಿಮಗೆ ಈಗಾಗಲೇ ಗೊತ್ತು, ಶ್ವಾಸಕೋಶಕ್ಕೆ ಬೆಂಕಿ. ಅದರ ಹಿಂದಿನ ಸೇ ಎಂದರೆ ಗುಣ, ಸ್ವಭಾವ. ಮೊದಲ ಗೊ ಎಂದರೆ ತಪ್ಪು. ಎರಡನೆಯ ಎನ್ ಬೆಂಕಿಯದಲ್ಲ, ಎಡಕ್ಕೆ ಬಾಯಿಯ ಚೌಕವಿರುವ ಬೇರೊಂದು ಅಕ್ಷರ, ನುಂಗುವುದು ಎಂದರ್ಥ. ತಪ್ಪಾಗಿ ನುಂಗಿದ್ದರಿಂದ ಬಂದ ಶ್ವಾಸಕೋಶದ ಉರಿ. ಊಟ ಮಾಡುವಾಗ ನೆತ್ತಿ ಹತ್ತಿತು ಎನ್ನುತ್ತೇವಲ್ಲ, ವೃದ್ಧರಲ್ಲಿ ಆ ತುತ್ತು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವುದುಂಟು. ಆ ಹುಡುಗಿ ಮತ್ತೆ ಪೆನ್ಸಿಲ್ ಎತ್ತಿಕೊಂಡು, ‘ನಮ್ಮ ಅಜ್ಜನಿಗೆ ಆದದ್ದು ಇದೇ’ ಎಂದಳು. ಆ ಪದ ಅವಳಿಗೆ ಇನ್ನು ಮರೆಯುವುದಿಲ್ಲ.

ಇನ್ನೊಂದು ತೊಡಕು ನಿಮಗೆ ವಾರ್ಡಿನಲ್ಲಿ ಎದುರಾಗುತ್ತದೆ. ಅಜ್ಜಿ ‘ಆತಾಮಾ’ ನೋಯುತ್ತಿದೆ ಎನ್ನುತ್ತಾಳೆ, ಆತಾಮಾ ಎಂದರೆ ತಲೆ. ನೀವು ಅದನ್ನು ಬರೆದಿಡಬೇಕಾದದ್ದು ‘ಝುತ್ಸೂ’ ಎಂದು. ಮಾತಿನಲ್ಲಿ ತಲೆ ಮತ್ತು ನೋವಿಗಿರುವ ಅದೇ ಎರಡು ಅಕ್ಷರಗಳು, ಓದುವ ಬಗೆ ಮಾತ್ರ ಬೇರೆ. ಮನೆಯಲ್ಲಿ ತಲೆನೋವು, ವೈದ್ಯರ ಚೀಟಿಯಲ್ಲಿ ಶಿರಶ್ಶೂಲೆ. ಹಾಗೆಯೇ ಮಲಗಿದಲ್ಲೇ ಮಲಗಿದವರಿಗೆ ಬರುವ ಹಾಸಿಗೆ ಹುಣ್ಣನ್ನು ಮನೆಯವರು ‘ತೊಕೊಝುರೆ’ ಎಂದರೆ, ದಾಖಲೆಯಲ್ಲಿ ‘ಜೊಕುಸೋ’ ಎಂದಿರುತ್ತದೆ. ಜೊಕುಸೋದ ಎರಡು ಅಕ್ಷರಗಳು ಗೆರೆಗಳ ಮುಳ್ಳುಪೊದೆ. ಅವುಗಳನ್ನು ಬರೆಯಲು ಕಲಿಯಬೇಡಿ, ಕಂಡರೆ ಗುರುತು ಹಿಡಿದರೆ ಸಾಕು. ತೊಕೊಝುರೆ ಮಾತ್ರ ನಾಲಗೆಯ ತುದಿಯಲ್ಲಿರಲಿ, ಏಕೆಂದರೆ ಅಜ್ಜಿಯ ಮಗಳು ಬಂದು ಕೇಳುವುದು ಅದನ್ನೇ.

ಪ್ರಶ್ನೆ: ಅಕ್ಕನವರೇ, ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಬಿಎಸ್‌ಸಿ ಮಾಡಿದವನು. ಜಪಾನಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಆಸೆ. ಇಂಗ್ಲಿಷ್ ಮಾಧ್ಯಮದವರಿಗೇ ಈ ಪದಗಳು ಕಷ್ಟವಾದರೆ ನನ್ನಂಥವನ ಗತಿ ಏನು ಎಂದು ಗೆಳೆಯರು ನಗುತ್ತಾರೆ.
— ಓದುಗ, ಹಾವೇರಿ

ನಗಲಿ ಬಿಡಿ. ಆ ಗೆಳೆಯರನ್ನು ಕೂರಿಸಿ, ಆಕ್ಸಿಜನ್ ಎಂದರೆ ಏನು ಎಂದು ಕೇಳಿ. ಒಂದು ಅನಿಲ ಎನ್ನುತ್ತಾರೆ. ಆ ಪದದ ಅರ್ಥ ಏನು ಎಂದು ಕೇಳಿ, ಅವರು ತಾರಸಿ ನೋಡತೊಡಗುತ್ತಾರೆ. ನಿಮಗೆ ಏಳನೆಯ ತರಗತಿಯಲ್ಲೇ ಅದು ಆಮ್ಲಜನಕ ಎಂದು ಗೊತ್ತಿತ್ತು: ಆಮ್ಲವನ್ನು ಹುಟ್ಟಿಸುವುದು. ಜಪಾನಿಯಲ್ಲಿ ಅದು ‘ಸಾನ್ಸೊ’. ಸಾನ್ ಎಂದರೆ ಹುಳಿ, ಆಮ್ಲ. ಸೊ ಎಂದರೆ ಮೂಲವಸ್ತು. ಜಲಜನಕ ಅಲ್ಲಿ ‘ಸುಯಿಸೊ’, ಸುಯಿ ಎಂದರೆ ನೀರು. ಇಂಗಾಲ ‘ತಾನ್ಸೊ’, ತಾನ್ ಎಂದರೆ ಇದ್ದಿಲು. ಇಂಗಾಲವೂ ಕೆಂಡ, ಇದ್ದಿಲಿನ ಕುಲದ ಪದವೇ ತಾನೆ?

ಇದು ಕಾಕತಾಳೀಯವಲ್ಲ. ಈ ಪದಗಳನ್ನು ಕಟ್ಟಿದವನು ಉದಾಗಾವಾ ಯೋಆನ್ ಎಂಬ ವೈದ್ಯ, 1798ರಲ್ಲಿ ಹುಟ್ಟಿ 1846ರಲ್ಲಿ ತೀರಿಕೊಂಡವನು. ಆಗ ಜಪಾನಿನ ಬಾಗಿಲು ಪಶ್ಚಿಮದವರ ಪೈಕಿ ಡಚ್ಚರಿಗೆ ಮಾತ್ರ, ಅದೂ ನಾಗಸಾಕಿಯಲ್ಲಿ ಮಾತ್ರ, ಸ್ವಲ್ಪ ತೆರೆದಿತ್ತು. ಇಂಗ್ಲೆಂಡಿನ ವಿಲಿಯಂ ಹೆನ್ರಿ ಬರೆದ ರಸಾಯನಶಾಸ್ತ್ರದ ಪುಸ್ತಕ ಡಚ್ ಭಾಷೆಯ ಮೂಲಕ ಯೋಆನ್‌ನ ಕೈಸೇರಿತು. ಅದನ್ನು ಆಧಾರವಾಗಿಟ್ಟುಕೊಂಡು, ಇನ್ನೂ ಹಲವು ಪುಸ್ತಕಗಳನ್ನು ಕೂಡಿಸಿ ಅವನು ಬರೆದ ‘ಸೇಮಿ ಕೈಸೋ’ 1837ರಿಂದ ಕಂತುಕಂತಾಗಿ ಅಚ್ಚಾಯಿತು. ಆಕ್ಸಿಜನ್‌ಗೆ ಡಚ್ಚರು ‘ಹುಳಿಯ ವಸ್ತು’ ಎಂಬ ಅರ್ಥದ ಪದ ಮಾಡಿಕೊಂಡಿದ್ದರು, ಅವನು ಅದನ್ನು ಎರಡು ಕಾಂಜಿಯಲ್ಲಿ ಕೂರಿಸಿದ. ನಮ್ಮವರು ಆಮ್ಲಜನಕ ಎಂದದ್ದೂ ಅದೇ ಮೂಲದ ಅರ್ಥ ಹಿಡಿದು. ಎರಡರ ಬೇರೂ ಫ್ರಾನ್ಸಿನ ಲಾವೊಸಿಯೆ ಇಟ್ಟ ಹೆಸರಿನಲ್ಲಿದೆ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದ್ದೇ ಇರುತ್ತದೆ ಎಂದು ಅವನು ನಂಬಿದ್ದ. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದರ ಸುಳಿವೂ ಇಲ್ಲ. ಹೀಗೆ ಲಾವೊಸಿಯೆಯ ಒಂದು ತಪ್ಪು ಹಾವೇರಿಯ ಶಾಲೆಯಲ್ಲೂ ಟೋಕಿಯೊದ ಶಾಲೆಯಲ್ಲೂ ಇವತ್ತಿಗೂ ಹಾಯಾಗಿ ಬದುಕಿಕೊಂಡಿದೆ. ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ನೈಟ್ರೊಜನ್ ಹತ್ತಿರ ಬಂದರೆ ದಾರಿ ಕವಲೊಡೆಯುತ್ತದೆ. ನಮಗೆ ಅದು ಸಾರಜನಕ, ಸಾರವನ್ನು ಹುಟ್ಟಿಸುವಂಥದ್ದು. ಗೊಬ್ಬರದ ಚೀಲ ಹೊತ್ತು ಗೊತ್ತಿರುವ ಯಾವ ರೈತನೂ ಈ ಹೆಸರನ್ನು ಒಪ್ಪುತ್ತಾನೆ. ಜಪಾನಿಯಲ್ಲಿ ‘ಚಿಸ್ಸೊ’. ಉಸಿರುಗಟ್ಟುವುದಕ್ಕೆ ಅಲ್ಲಿ ‘ಚಿಸ್ಸೊಕು’ ಎನ್ನುತ್ತಾರೆ, ಅದರ ಮೊದಲ ಅಕ್ಷರವೇ ಇಲ್ಲಿಯೂ ಇದೆ. ಉಸಿರುಗಟ್ಟಿಸುವ ವಸ್ತು. ಬರಿಯ ಸಾರಜನಕದಲ್ಲಿ ದೀಪ ಆರುತ್ತದೆ, ಇಲಿ ಸಾಯುತ್ತದೆ, ಡಚ್ಚರು ಅದನ್ನು ನೋಡಿ ಇಟ್ಟ ಹೆಸರು ಅದು. ಒಂದೇ ಅನಿಲವನ್ನು ಒಬ್ಬರು ಹೊಲದಲ್ಲಿ ನಿಂತು ನೋಡಿದ್ದಾರೆ, ಇನ್ನೊಬ್ಬರು ಗಾಜಿನ ಬುರುಡೆಯಲ್ಲಿ. ಹೋಲಿಕೆ ತಪ್ಪುವ ಇಂಥ ಜಾಗಗಳೇ ನನ್ನ ವಿದ್ಯಾರ್ಥಿಗಳಿಗೆ ಹೆಚ್ಚು ನೆನಪಿರುತ್ತವೆ.

ಇನ್ನು ನಿಮ್ಮ ಕನ್ನಡ ಪಠ್ಯಪುಸ್ತಕದ ಪದಗಳ ಪಕ್ಕಕ್ಕೆ ಇವುಗಳನ್ನು ಇಟ್ಟು ನೋಡಿ. ಪತ್ರಹರಿತ್ತಿಗೆ ‘ಯೋರ್ಯೊಕುಸೊ’, ಎಲೆ-ಹಸಿರು-ಮೂಲವಸ್ತು. ಜೀವಕೋಶಕ್ಕೆ ‘ಸಾಯ್ಬೋ’, ಸಣ್ಣ ಚೀಲ, ಇದೂ ಯೋಆನ್‌ನದೇ. ಅರೆವಾಹಕಕ್ಕೆ ‘ಹಾನ್‌ದೋತಾಯ್’, ಅರೆ-ಒಯ್ಯುವ-ಕಾಯ. ಗುರುತ್ವಕ್ಕೆ ‘ಜೂರ್ಯೊಕು’, ಭಾರದ ಬಲ. ಗುರು ಎಂದರೂ ಭಾರವೇ. ಸೂಕ್ಷ್ಮದರ್ಶಕಕ್ಕೆ ‘ಕೆನ್‌ಬಿಕ್ಯೋ’, ಸೂಕ್ಷ್ಮವನ್ನು ತೋರುವ ಕನ್ನಡಿ. ಆ ಕನ್ನಡಿಯ ಅಕ್ಷರದ ಎಡಕ್ಕೆ ಲೋಹದ ಗುರುತಿದೆ. ಗಾಜಿನ ಉಪಕರಣಕ್ಕೆ ಲೋಹ ಏಕೆ ಎನ್ನುತ್ತೀರಾ? ಹಿಂದಿನ ಕಾಲದ ಕನ್ನಡಿ ಉಜ್ಜಿ ಹೊಳಪೇರಿಸಿದ ಕಂಚಿನದಾಗಿತ್ತು.

ಹಾಗೆಂದು ಎದೆಯುಬ್ಬಿಸಿ ಕೂರಬೇಡಿ. ಸೋಡಿಯಂ ಅಲ್ಲಿ ‘ನಾತೊರಿಉಮು’, ಪೊಟ್ಯಾಸಿಯಂ ‘ಕಾರಿಉಮು’. ಇವು ಜರ್ಮನ್ ಕಡೆಯ ಹೆಸರುಗಳು, ಬರೆಯುವುದು ಕಾಂಜಿಯಲ್ಲಲ್ಲ, ಪರಭಾಷೆಯ ಪದಗಳಿಗೆಂದೇ ಇರುವ ಕಾತಾಕಾನಾ ಲಿಪಿಯಲ್ಲಿ. ಇಲ್ಲಿ ಕನ್ನಡವೂ ಕೈಹಿಡಿಯದು, ಇಂಗ್ಲಿಷೂ ಕೈಹಿಡಿಯದು. ಸೋಡಿಯಂ ಕ್ಲೋರೈಡ್ ಎನ್ನುವಾಗ ಕ್ಲೋರೈಡ್ ಮೊದಲು ಬಂದು ‘ಎಂಕಾ ನಾತೊರಿಉಮು’ ಆಗುತ್ತದೆ. ಈ ತಿರುವುಮುರುವು ಕೈಗೆ ಹತ್ತಲು ನನಗೆ ಒಂದು ಚಳಿಗಾಲ ಬೇಕಾಯಿತು. ನಿಮ್ಮ ಎಂಟು, ಒಂಬತ್ತು, ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕಗಳನ್ನು ರದ್ದಿಗೆ ಹಾಕಿಲ್ಲವೆಂದು ನಂಬಿದ್ದೇನೆ.

ಪ್ರಶ್ನೆ: ಈಗ ಮೊಬೈಲಿನಲ್ಲಿ ಫೋಟೊ ತೆಗೆದರೆ ಯಾವ ಭಾಷೆಯಾದರೂ ಕನ್ನಡಕ್ಕೆ ಬರುತ್ತದೆ. ಹುಡುಗರನ್ನು ಏಕೆ ಗೋಳು ಹೊಯ್ದುಕೊಳ್ಳುತ್ತೀರಿ?
— ನಿವೃತ್ತ ಬ್ಯಾಂಕ್ ನೌಕರರು, ಹುಬ್ಬಳ್ಳಿ

ಹೋಟೆಲಿನ ತಿಂಡಿಪಟ್ಟಿಗೆ ಮೊಬೈಲ್ ಬಹಳ ಒಳ್ಳೆಯದು, ನಾನೂ ಬಳಸುತ್ತೇನೆ. ಆದರೆ ‘ಕಾನೆನ್‌ಸೇ’ ಎಂದರೆ ಹೊತ್ತಿಕೊಳ್ಳುವಂಥದ್ದು, ‘ಫುನೆನ್‌ಸೇ’ ಎಂದರೆ ಹೊತ್ತಿಕೊಳ್ಳದ್ದು. ಮೂರು ಅಕ್ಷರಗಳಲ್ಲಿ ಮೊದಲನೆಯದು ಮಾತ್ರ ಬೇರೆ. ಕೈಯಲ್ಲಿ ಡಬ್ಬಿ, ಪಕ್ಕದಲ್ಲಿ ಉರಿಯುವ ಒಲೆ ಇರುವಾಗ ಮೊಬೈಲ್ ಹುಡುಕುವ ಹುಡುಗನನ್ನು ನಾನಂತೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಜಪಾನಿನ ರಾಸಾಯನಿಕ ಬಾಟಲಿಗಳ ಮೇಲೆ ಕೆಂಪು ನೆಲದಲ್ಲಿ ಬಿಳಿ ಅಕ್ಷರವಿದ್ದರೆ ‘ದೊಕುಬುತ್ಸು’, ವಿಷ. ಬಿಳಿ ನೆಲದಲ್ಲಿ ಕೆಂಪು ಅಕ್ಷರವಿದ್ದರೆ ‘ಗೆಕಿಬುತ್ಸು’, ಅದಕ್ಕಿಂತ ಒಂದು ಕೈ ಕಡಿಮೆಯದು. ಇದು ಅಲ್ಲಿನ ಕಾನೂನು. ನನ್ನ ಮೊದಲ ಹತ್ತು ಕಾಂಜಿಗಳನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಇಂಥ ಬಾಟಲಿಗಳಿಂದ, ಹೆದರಿಕೊಂಡು.

ಪ್ರಶ್ನೆ: ನಾನೂ ಜಪಾನಿ ಕಲಿಸುತ್ತೇನೆ. ನನ್ನಲ್ಲಿ ನರ್ಸ್‌ಗಳು, ಡಿಪ್ಲೊಮಾ ಎಂಜಿನಿಯರುಗಳು ಒಟ್ಟಿಗೆ ಕೂರುತ್ತಾರೆ. ಒಬ್ಬರಿಗೆ ಬೇಕಾದ ಪದ ಇನ್ನೊಬ್ಬರಿಗೆ ಬೇಡ. ನನಗೆ ವಿಜ್ಞಾನವೂ ಅಷ್ಟಕ್ಕಷ್ಟೆ. ಹೇಗೆ ನಿಭಾಯಿಸುವುದು?
— ಶಿಕ್ಷಕಿ, ಹುಬ್ಬಳ್ಳಿ

ಮೊದಲು ನನ್ನ ಸೋಲನ್ನು ಹೇಳಿಬಿಡುತ್ತೇನೆ. ತರಗತಿ ಆರಂಭಿಸಿದ ವರ್ಷ ನಾನು ಮುನ್ನೂರು ರಸಾಯನಶಾಸ್ತ್ರದ ಪದಗಳ ಪಟ್ಟಿ ಮಾಡಿ, ಜೆರಾಕ್ಸ್ ಮಾಡಿಸಿ, ಒಂಬತ್ತು ಮಂದಿಗೆ ಹಂಚಿದೆ. ಗಣೇಶ ಚೌತಿಗೆ ಒಂಬತ್ತು ಮಂದಿ ಇದ್ದರು, ದೀಪಾವಳಿಗೆ ಇಬ್ಬರು. ಆ ಇಬ್ಬರಲ್ಲಿ ಒಬ್ಬಳು ನನ್ನ ತಂಗಿಯ ಮಗಳು, ತಪ್ಪಿಸಿಕೊಳ್ಳಲು ಅವಳಿಗೆ ದಾರಿ ಇರಲಿಲ್ಲ.

ಈಗ ಹೀಗೆ ಮಾಡುತ್ತೇನೆ. ಕರಿಹಲಗೆಯ ನಡುವೆ ಒಂದೇ ಅಕ್ಷರ ಬರೆಯುತ್ತೇನೆ. ಹೋದ ತಿಂಗಳು ಬರೆದದ್ದು ‘ಆತ್ಸು’, ಒತ್ತಡ. ಐದೇ ಗೆರೆ: ಮೇಲೊಂದು ಚಾಚಿದ ಬಂಡೆ, ಅದರ ಅಡಿಯಲ್ಲಿ ಮಣ್ಣು. ಬಂಡೆಯ ಕೆಳಗಿನ ಮಣ್ಣಿಗೆ ಒತ್ತಡ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ ಎಂದೆ. ಆಮೇಲೆ ಸೀಮೆಸುಣ್ಣವನ್ನು ಅವರ ಕೈಗೆ ಕೊಟ್ಟೆ. ನರ್ಸ್ ಹುಡುಗಿ ಎದ್ದು ಮುಂದೆ ರಕ್ತದ ಅಕ್ಷರ ಸೇರಿಸಿ ‘ಕೆತ್ಸುಆತ್ಸು’ ಎಂದು ಓದಿದಳು, ರಕ್ತದೊತ್ತಡ. ವಿದ್ಯುತ್ ವಿಭಾಗದ ಹುಡುಗ ಮಿಂಚಿನ ಅಕ್ಷರ ಸೇರಿಸಿ ‘ದೆನ್‌ಆತ್ಸು’ ಎಂದ, ವೋಲ್ಟೇಜ್. ಕೃಷಿ ಪದವಿಯವನು ‘ಕಿಆತ್ಸು’ ಎಂದು ಗಾಳಿಯ ಒತ್ತಡ ಬರೆದ. ಅದರ ಮುಂದೆ ತಗ್ಗು ಎಂಬ ಅಕ್ಷರ ಹಾಕಿದರೆ ನಮ್ಮ ಹವಾಮಾನ ವರದಿಯ ವಾಯುಭಾರ ಕುಸಿತ ಸಿಗುತ್ತದೆ ಎಂದು ನಾನು ಸೇರಿಸಿದೆ. ಕೊನೆಯಲ್ಲಿ ಮೂಲೆಯ ಹುಡುಗ, ಮಾತೇ ಆಡದವನು, ಎದ್ದು ಬಂದು ಎಣ್ಣೆಯ ಅಕ್ಷರ ಬರೆದು ‘ಯುಆತ್ಸು’ ಎಂದ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಯಂತ್ರಕ್ಕೆ ಅಲ್ಲಿ ಹೀಗೆ ಹೇಳುತ್ತಾರೆ. ನೆಲ ಅಗೆಯುವ ಯಂತ್ರ ‘ಯುಆತ್ಸು ಶೊಬೆರು’. ಟಾಟಾ ಹಿಟಾಚಿಯ ಕಾರ್ಖಾನೆ ಇರುವ ಊರಿನವನು, ಅವನಿಗೆ ಅದು ಹೊಳೆಯದೆ ಇನ್ನಾರಿಗೆ ಹೊಳೆಯಬೇಕು? ನಮ್ಮ ಹಳ್ಳಿಗಳಲ್ಲಿ ಯಾವ ಕಂಪನಿಯದಾದರೂ ಅದಕ್ಕೆ ಹಿಟಾಚಿ ಎಂದೇ ಹೆಸರು. ಆ ಹೆಸರೂ ಎರಡು ಕಾಂಜಿಯೇ, ಸೂರ್ಯ ಮತ್ತು ನಿಲ್ಲು.

ನೋಡಿ, ಯಾರ ಪದವೂ ಯಾರಿಗೂ ಬೇಡವಾಗಲಿಲ್ಲ. ನೀವು ವಿಜ್ಞಾನ ತಿಳಿದವರಾಗಬೇಕಾಗಿಯೂ ಇಲ್ಲ. ಪದಗಳ ತುದಿಗೆ ಬರುವ ಅಕ್ಷರಗಳನ್ನು ಹಿಡಿದುಕೊಳ್ಳಿ: ಗುಣಕ್ಕೆ ಸೇ, ದರಕ್ಕೆ ರಿತ್ಸು, ಅಂಶ ಅಳೆಯುವುದಕ್ಕೆ ದೊ, ಅಳೆಯುವ ಸಾಧನಕ್ಕೆ ಕೇ, ಆಗುವಿಕೆಗೆ ಕಾ. ತಾಪಮಾಪಕ, ಭಾರಮಾಪಕ ಎಂದು ನಾವು ಮಾಪಕವನ್ನು ಬಾಲಕ್ಕೆ ಕಟ್ಟುವ ಹಾಗೆ ಅವರು ಕೇಯನ್ನು ಕಟ್ಟುತ್ತಾರೆ, ‘ಒಂದೊಕೇ’ ಎಂದರೆ ತಾಪಮಾಪಕ. ವಿಷಯದ ತಿಳಿವಳಿಕೆ ವಿದ್ಯಾರ್ಥಿಗಳದು, ಅಕ್ಷರ ನಿಮ್ಮದು.

ಒಂದು ಎಚ್ಚರಿಕೆ ಮಾತ್ರ ಕೊಡಬೇಕು. ಈ ಪದಗಳನ್ನು ಕಿವಿಯಿಂದ ಕಲಿಸಬೇಡಿ, ಕಣ್ಣಿನಿಂದ ಕಲಿಸಿ. ಜಪಾನಿಯಲ್ಲಿ ಉಚ್ಚಾರಗಳು ಕಡಿಮೆ, ಪದಗಳು ಹೇರಳ. ವಿಜ್ಞಾನವೂ ‘ಕಾಗಾಕು’, ರಸಾಯನಶಾಸ್ತ್ರವೂ ‘ಕಾಗಾಕು’. ಗೊಂದಲ ತಪ್ಪಿಸಲು ಅಲ್ಲಿನವರೇ ಎರಡನೆಯದನ್ನು ‘ಬಾಕೆಗಾಕು’ ಎಂದು ಬೇರೆ ರೀತಿ ಓದಿ ಹೇಳುವುದುಂಟು. ವೇಷ ಬದಲಿಸುವ ವಿದ್ಯೆ ಎಂದ ಹಾಗಾಗುತ್ತದೆ, ರಸಾಯನಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ನಾನು ಕೇಳಿಲ್ಲ. ತ್ಸುಕುಬಾದಲ್ಲಿ ನಾನು ಹೋದ ಎರಡನೆಯ ತಿಂಗಳು, ಪಕ್ಕದ ಮೇಜಿನ ಸಹೋದ್ಯೋಗಿ ನಗುನಗುತ್ತ ಬಂದು ‘ಸಾಂಕಾ ಶಿಮಾಸುಕಾ?’ ಎಂದು ಕೇಳಿದರು. ಸಾಂಕಾ ಎಂದರೆ ಆಮ್ಲಜನಕದೊಂದಿಗೆ ಕೂಡುವ ಉತ್ಕರ್ಷಣ ಎಂದು ಹಿಂದಿನ ವಾರವಷ್ಟೇ ಕಲಿತಿದ್ದೆ. ನನ್ನ ಕೈಯಲ್ಲಿದ್ದ ಗಾಜಿನ ಬುರುಡೆಯನ್ನು ನೋಡಿಕೊಂಡು, ‘ಹೌದು, ಗಾಳಿಗೆ ತೆರೆದಿಟ್ಟರೆ ನಿಧಾನವಾಗಿ’ ಎಂದೆ. ಅವರು ಕೇಳಿದ್ದು ಶನಿವಾರದ ಕೂಟಕ್ಕೆ ನೀವೂ ಸೇರುತ್ತೀರಾ ಎಂದು. ಪಾಲ್ಗೊಳ್ಳುವುದಕ್ಕೂ ಸಾಂಕಾ ಎನ್ನುತ್ತಾರೆ, ಅಕ್ಷರಗಳು ಬೇರೆ. ನಾನು ಆ ಪ್ರಯೋಗಾಲಯ ಬಿಡುವವರೆಗೂ ಯಾವ ಕೂಟವಿರಲಿ, ‘ಇವರು ನಿಧಾನವಾಗಿ ಬರುತ್ತಾರೆ’ ಎಂಬ ತಮಾಷೆ ನಡೆದೇ ಇತ್ತು.

ಪ್ರಶ್ನೆ: ನನ್ನ ಮಗ ಜಪಾನಿ ಕಲಿಯುತ್ತಿದ್ದಾನೆ. ಒಂದೇ ಅಕ್ಷರವನ್ನು ಒಮ್ಮೆ ‘ಮಿಝು’ ಎನ್ನುತ್ತಾನೆ, ಒಮ್ಮೆ ‘ಸುಯಿ’ ಎನ್ನುತ್ತಾನೆ. ಔಷಧಕ್ಕೆ ಒಮ್ಮೆ ‘ಕುಸುರಿ’, ಒಮ್ಮೆ ‘ಗುಸುರಿ’. ಇವನು ತಪ್ಪು ಕಲಿಯುತ್ತಿದ್ದಾನೋ, ಕಲಿಸುವವರೇ ತಪ್ಪೋ?
— ತಾಯಿ, ರಾಣೇಬೆನ್ನೂರು

ಯಾರದೂ ತಪ್ಪಿಲ್ಲ ತಾಯಿ. ನೀವು ಕುಡಿಯುವುದು ನೀರು, ಊರಿನ ತೊಟ್ಟಿಯ ಮೇಲೆ ಬರೆದಿರುವುದು ಜಲ. ಮಿಝು ಅವರ ಮನೆಮಾತಿನ ನೀರು, ಸುಯಿ ಚೀನಾದಿಂದ ಬಂದ ಜಲ. ವ್ಯತ್ಯಾಸವೆಂದರೆ ನಾವು ಎರಡನ್ನೂ ಬೇರೆ ಬೇರೆ ಬರೆಯುತ್ತೇವೆ, ಅವರು ಎರಡಕ್ಕೂ ಒಂದೇ ಅಕ್ಷರ ಬರೆದು ಸಂದರ್ಭ ನೋಡಿ ಓದುತ್ತಾರೆ. ವಿಜ್ಞಾನದ ಪದಗಳಲ್ಲಿ ಹೆಚ್ಚಾಗಿ ಬರುವುದು ಸುಯಿಯ ಕಡೆಯ ಓದು. ನಾವೂ ನೀರುಜನಕ ಎನ್ನಲಿಲ್ಲವಲ್ಲ.

ಗುಸುರಿಯದು ಇನ್ನೂ ಚೆಂದ. ಕುಸುರಿ ಎಂದರೆ ನಮಗೆ ಸಂಕ್ರಾಂತಿಯ ಕುಸುರೆಳ್ಳು ನೆನಪಾಗುತ್ತದೆ, ಅವರಿಗೆ ಔಷಧ. ಮೆ ಎಂದರೆ ಕಣ್ಣು. ಕಣ್ಣಿಗೆ ಹಾಕುವ ಔಷಧ ‘ಮೆಗುಸುರಿ’. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ ಆಗುವುದನ್ನು ಶಾಲೆಯಲ್ಲಿ ಆದೇಶಸಂಧಿ ಎಂದು ಓದಿದ್ದೀರಿ. ಉತ್ತರಪದದ ಕಕಾರಕ್ಕೆ ಗಕಾರ, ತಕಾರಕ್ಕೆ ದಕಾರ. ಅದೇ ಇದು. ನಿಮ್ಮ ಮಗನಿಗೆ ನಿಮ್ಮ ಹಳೆಯ ವ್ಯಾಕರಣದ ಪುಸ್ತಕ ಕೊಡಿ.

ಪ್ರಶ್ನೆ: ಹಾಗಾದರೆ ಜಪಾನಿ ಸಂಸ್ಕೃತದಿಂದಲೋ ಕನ್ನಡದಿಂದಲೋ ಹುಟ್ಟಿದ್ದು ಎನ್ನಬಹುದೇ?
— ಓದುಗ, ನವಲಗುಂದ

ಎನ್ನಬೇಡಿ. ತಮಿಳಿನೊಂದಿಗೆ ನಂಟು ಹೇಳಿದ ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರಿದ್ದರು, ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಆದರೆ ಜಪಾನಿ ಕಾಗುಣಿತವನ್ನು ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ ಎಂದು ಜೋಡಿಸಿರುವ ಕ್ರಮಕ್ಕೆ ಬೌದ್ಧರ ಮೂಲಕ ಅಲ್ಲಿಗೆ ತಲುಪಿದ ನಮ್ಮ ವರ್ಣಮಾಲೆಯೇ ಮಾದರಿ. ಅಷ್ಟಕ್ಕೆ ಸಂತೋಷಪಡೋಣ.

ಪ್ರಶ್ನೆ: ಹಳೆಯ ಚೀನೀ ಅಕ್ಷರಗಳಲ್ಲಿ ಹೊಸ ವಿಜ್ಞಾನದ ಎಲ್ಲ ಪದಗಳೂ ಸಿಕ್ಕಿದವೇ? ಅಕ್ಷರವೇ ಇಲ್ಲದಿದ್ದರೆ ಏನು ಮಾಡಿದರು?
— ಹೈಸ್ಕೂಲು ವಿಜ್ಞಾನ ಶಿಕ್ಷಕಿ, ಲಕ್ಷ್ಮೇಶ್ವರ

ಅಕ್ಷರವನ್ನೇ ಹೊಸದಾಗಿ ಮಾಡಿದರು. ಯೋಆನ್‌ನನ್ನು ದತ್ತು ತೆಗೆದುಕೊಂಡ ತಂದೆ ಉದಾಗಾವಾ ಗೆನ್‌ಶಿನ್ ಕೂಡ ವೈದ್ಯ. ಡಚ್ಚರ ಅಂಗರಚನೆಯ ಪುಸ್ತಕಗಳನ್ನು ಓದುವಾಗ ಗ್ರಂಥಿ ಎಂಬುದಕ್ಕೆ ಚೀನೀ ವೈದ್ಯದಲ್ಲಿ ಹೆಸರೇ ಸಿಗಲಿಲ್ಲ. ನಮ್ಮ ಗ್ರಂಥಿ ಎಂದರೆ ಗಂಟು, ಮುಟ್ಟಿ ನೋಡಿದವರು ಇಟ್ಟ ಹೆಸರು. ಗೆನ್‌ಶಿನ್ ಅದು ಮಾಡುವ ಕೆಲಸವನ್ನು ನೋಡಿದ. ಅದರಿಂದ ರಸ ಒಸರುತ್ತದೆ. ಎಡಕ್ಕೆ ಮಾಂಸದ ಆ ಪುಟ್ಟ ಏಣಿ, ಬಲಕ್ಕೆ ನೀರಿನ ಒರತೆಯ ಅಕ್ಷರ, ಎರಡನ್ನೂ ಜೋಡಿಸಿ ‘ಸೆನ್’ ಎಂದ. ಮೈಯೊಳಗಿನ ಒರತೆ. ಮೇದೋಜೀರಕಕ್ಕೂ ಅವನೇ ಒಂದು ಅಕ್ಷರ ಕಟ್ಟಿದ. ಅದು ನಿತ್ಯಬಳಕೆಯ ಪಟ್ಟಿಗೆ ಇನ್ನೂ ಸೇರಿಲ್ಲ, ಒರತೆಯದು ಮಾತ್ರ 2010ರಲ್ಲಿ ಸೇರಿತು.

ಸೇರದೆ ಇರಲು ಸಾಧ್ಯವೂ ಇರಲಿಲ್ಲ, ಅಷ್ಟರಲ್ಲಿ ಅದು ಆಸ್ಪತ್ರೆ ಬಿಟ್ಟು ಅಡುಗೆಮನೆಗೆ ಬಂದಾಗಿತ್ತು. ಕಣ್ಣೀರಿನ ಗ್ರಂಥಿ ‘ರುಯಿಸೆನ್’, ಕಣ್ಣೀರಿನ ಒರತೆ. ತ್ಸುಕುಬಾದಲ್ಲಿ ನಾನಿದ್ದ ಮನೆಯ ಒಡತಿ ಭಾನುವಾರ ಸಂಜೆ ಟಿವಿಯಲ್ಲಿ ಹಳೆಯ ಸಿನಿಮಾ ನೋಡುತ್ತ, ಅವರೆಯಂಥ ಹಸಿರು ಕಾಯಿಗಳನ್ನು ಬಿಡಿಸುತ್ತ ಕೂರುತ್ತಿದ್ದರು. ಅಂಗರಚನೆ ಓದಿದವರಲ್ಲ, ಗೆನ್‌ಶಿನ್‌ನ ಹೆಸರು ಕೇಳಿದವರೂ ಅಲ್ಲ. ಚಿತ್ರ ಮುಗಿಯುವ ಹೊತ್ತಿಗೆ ಸೆರಗಿನ ಬದಲು ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡು, ‘ವಯಸ್ಸಾಯಿತು ನೋಡಿ, ರುಯಿಸೆನ್ ಸಡಿಲವಾಗಿದೆ’ ಎಂದು ನಕ್ಕು, ನನ್ನ ಕಡೆಗೆ ಕಾಯಿಯ ಬುಟ್ಟಿ ತಳ್ಳುತ್ತಿದ್ದರು.